ಯಾರ ಪಾತ್ರೆ

ಗಾಂಧಿ ಬಜಾರಿನ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಒಂದು ಸ್ಟೂಲು, ಒಂದು ಮೆಷೀನು, ಒಂದು ಮಸಿಬಟ್ಟೆ.
ಮೂವತ್ತೆಂಟು ವರ್ಷ ಊರಿನ ಹೆಸರು ಕೊರೆದಿದ್ದೇನೆ:
ಚೊಂಬಿನ ಕಂಠಕ್ಕೆ, ತಟ್ಟೆಯ ಬೆನ್ನಿಗೆ,
ಕುಕ್ಕರಿನ ಮುಚ್ಚಳಕ್ಕೆ, ಹಾಲಿನ ಕ್ಯಾನಿಗೆ.
ಸ್ಟೀಲು ಕಿರ್ರೆನ್ನುತ್ತದೆ, ಹಲ್ಲು ಜುಮ್ಮೆನ್ನುತ್ತದೆ.
ಅಕ್ಷರಕ್ಕೆ ಎರಡು ರೂಪಾಯಿ, ಒತ್ತಕ್ಷರ ಪುಕ್ಕಟೆ.
ಮದುವೆಮನೆಯಲ್ಲಿ ಪಾತ್ರೆ ಅದಲುಬದಲಾಗಬಾರದು ನೋಡಿ,
ಅದಕ್ಕೆ ನಾನು.

ನನ್ನ ಹೆಸರು ಗಂಗೋಜಿರಾವ್.
ಅದನ್ನು ಎಲ್ಲೂ ಕೊರೆದುಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಪುಷ್ಯಮಾಸದಲ್ಲಿ ಒಂದು ಕಾಗದ ಬಂತು.
ಮೂರು ಲಕ್ಷದ ನಲವತ್ತು ಸಾವಿರ ಸಾಲ, ಎರಡು ಕಂತು ಬಾಕಿ.
ಊರು ಯಾವುದೋ, ಓದಿಸಲು ಮೊಮ್ಮಗಳನ್ನು ಕರೆದೆ.
ಸಾಲಗಾರ ಗಂಗೋಜಿರಾವ್, ತಂದೆ ತುಕೋಜಿರಾವ್.
ಹುಟ್ಟಿದ ದಿನ ನನ್ನದೇ. ಆಧಾರ್ ಅಂಕಿ ನನ್ನದೇ.
ಫೋಟೋದಲ್ಲಿ ಮಾತ್ರ ಒಬ್ಬ ಹುಡುಗ, ತಲೆ ತುಂಬ ಕೂದಲು.
ನನ್ನ ಹೆಂಡತಿ ಬಹಳ ಹೊತ್ತು ನೋಡಿ ಅಂದಳು,
"ನೀವು ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ."

ಎಲ್ಲಿ ಸೋರಿತು?
ಕಣ್ಣಿನ ಪೊರೆ ತೆಗೆಸಿದ ಆಸ್ಪತ್ರೆಯ ಕಂಪ್ಯೂಟರಿಗೆ
ಯಾರೋ ಕನ್ನ ಹಾಕಿದರಂತೆ.
ಕ್ಷಮಿಸಿ ಅಂತ ಇಂಗ್ಲಿಷಿನಲ್ಲಿ ಮೆಸೇಜು ಬಂದಿತ್ತಂತೆ,
ದೀಪಾವಳಿ ಶುಭಾಶಯ ಅಂದುಕೊಂಡಿದ್ದೆ.
ಅಥವಾ ಸಿಮ್ಮಿಗೆ, ಗ್ಯಾಸಿಗೆ, ಸೊಸೈಟಿಗೆ,
ಕೇಳಿದವರಿಗೆಲ್ಲ ಜೆರಾಕ್ಸು ಕೊಟ್ಟವನು ನಾನು.
ಗೋಪಿ ಸರ್ಕಲ್ಲಿನಲ್ಲಿ ಒಮ್ಮೆ ಮಂಡಕ್ಕಿ ಪೊಟ್ಟಣ ಬಿಚ್ಚಿದರೆ
ಒಳಗೆ ಯಾರೋ ಹೆಂಗಸಿನ ಮುಖ, ಮನೆ ನಂಬರು, ಹುಟ್ಟಿದ ವರ್ಷ,
ಹಣೆಯ ಮೇಲೆ ಎಣ್ಣೆ.
ತಿಂದು, ಮುದುಡಿ, ಎಸೆದೆ.

ಸೈಬರ್ ಠಾಣೆಯ ವಾರಿಜಾ ಮೇಡಂ ಬೈಯಲಿಲ್ಲ.
ದೂರು ಬರೆದುಕೊಂಡರು.
ಈ ಸಾಲ ನನ್ನದಲ್ಲ ಅಂತ ಬ್ಯಾಂಕಿಗೆ ಬರೆಸಿದರು.
ನನ್ನ ಸಾಲದ ಚರಿತ್ರೆ ತೆಗೆಸಿದರು,
ನನಗೂ ಒಂದು ಚರಿತ್ರೆ!
ಫೋನಿನಲ್ಲೇ ಬೆರಳಿಗೆ ಬೀಗ ಹಾಕಿಸಿದರು.
ಈಗ ರೇಷನ್ ಅಂಗಡಿಯಲ್ಲಿ ಒತ್ತುವ ಮುಂಚೆ
ನನ್ನ ಹೆಬ್ಬೆರಳಿನ ಬೀಗ ನಾನೇ ತೆಗೆಯಬೇಕು.
ಫೋನಿಗೆ ಬರುವ ಆರು ಅಂಕಿ ಯಾರಿಗೂ ಹೇಳಬಾರದು,
ಬ್ಯಾಂಕಿನವನ ಅಪ್ಪ ಬಂದು ಕೇಳಿದರೂ.
"ಮತ್ತೆ ಅಜ್ಜಾ, ಜೆರಾಕ್ಸಿನ ಮೇಲೆ ಅಡ್ಡಡ್ಡ ಬರೀರಿ:
ಯಾರಿಗೆ, ಯಾತಕ್ಕೆ, ಯಾವ ತಾರೀಕು."

ನಗು ಬಂತು.
ಇಷ್ಟು ವರ್ಷ ಮತ್ತೇನು ಮಾಡಿದೆ ನಾನು?
ಚಿ. ಸೌ. ಪ್ರಮೀಳಾ ಮದುವೆಗೆ,
ಸೋದರಮಾವ ಭರ್ಮಪ್ಪನವರಿಂದ, ೧೨-೫-೯೪.
ಬರೀ ಹೆಸರು ಹಗ್ಗವಿಲ್ಲದ ಎಮ್ಮೆ,
ಯಾರ ಗೂಟಕ್ಕಾದರೂ ಹೋಗಿ ನಿಲ್ಲುತ್ತದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ, ಬೇರೆ ಕಾರಣಕ್ಕೆ.
ಎಂಬತ್ತೊಂಬತ್ತೋ ತೊಂಬತ್ತೋ, ಮಟಮಟ ಮಧ್ಯಾಹ್ನ.
ಒಬ್ಬ ಬಂದ, ಗೋಣಿಚೀಲದಲ್ಲಿ ಹಿತ್ತಾಳೆ ಕೊಡಪಾನ.
ಮೇಲೆ ಹೆಸರಿತ್ತು. "ಇದನ್ನಳಿಸಿ ನಮ್ಮದು ಹಾಕಿ."
ಕೇಳಲಿಲ್ಲ ನಾನು.
ಮರಳುಕಾಗದ ಹಿಡಿದು ಉಜ್ಜಿದೆ, ಉಜ್ಜಿದೆ.
ಹನ್ನೆರಡು ರೂಪಾಯಿ. ಸಂಜೆ ಮನೆಗೆ ತುಂಗೆಯ ಮೀನು.
ಹೆಸರು ಪೂರ್ತಿ ಹೋಗುವುದಿಲ್ಲ, ಕಸುಬಿನವನಿಗೆ ಗೊತ್ತು.
ಓರೆ ಬಿಸಿಲಿಗೆ ಹಿಡಿದರೆ ಹೊಸ ಅಕ್ಷರದ ಕೆಳಗೆ
ಹಳೆಯದು, ಹೊಳೆಯೊಳಗಿನ ಕಲ್ಲಿನ ಹಾಗೆ.
ತಿಪ್ಪಮ್ಮ ಅಂತಿತ್ತು.
ಅಥವಾ ತಿಮ್ಮಮ್ಮ.
ಆ ಒತ್ತಕ್ಷರ ನೆನಪಾಗುತ್ತಿಲ್ಲ.

ಬ್ಯಾಂಕಿನ ಉತ್ತರ ಇನ್ನೂ ಬಂದಿಲ್ಲ.
ಇವತ್ತು ಒಬ್ಬರು ಸ್ಕೂಟರಿನಿಂದ ಇಳಿಯದೆ
ಟಿಫಿನ್ ಕ್ಯಾರಿಯರ್ ಚಾಚಿ, ಹೆಸರು ಹೇಳಿದರು.
ಮೆಷೀನು ಎತ್ತಿದವನು ಕೆಳಗಿಟ್ಟೆ.
"ಯಾರ ಪಾತ್ರೆ ಸ್ವಾಮಿ ಇದು?"
ದುರುಗುಟ್ಟಿ ನೋಡಿ, ಗಾಡಿ ತಿರುಗಿಸಿ
ಆಚೆ ಅಂಗಡಿಗೆ ಹೋದರು.
ಹೋಗಲಿ.
ಹದಿನಾಲ್ಕು ರೂಪಾಯಿ.